ಕೊಸಾಕ್ ಅಂಕಲ್ ಮೆತ್ತಿದ ಕೆಸರು

ನನ್ನ ತಲೆಗೆ ಕೆಸರು ಮೆತ್ತಿದ ಮನುಷ್ಯ ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು. ಮದುವೆಯ ದಿನ ಅಕ್ಷತೆ, ದೀಪಾವಳಿಗೆ ಹರಳೆಣ್ಣೆ, ಇವೆರಡನ್ನು ಬಿಟ್ಟು ಬೇರೇನನ್ನಾದರೂ ನನ್ನ ತಲೆಯ ಮೇಲೆ ಹಾಕುವ ಧೈರ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಅವರು ಹಾಕಿದರು. ಅದೂ ಬಡಾವಣೆಯ ಜನರೆಲ್ಲ ಸುತ್ತ ನಿಂತು ನೋಡುತ್ತಿರುವಾಗ, ಒಂದು ಹಿಡಿ ಹಸಿ ಕೆಂಪು ಮಣ್ಣನ್ನು ನೆತ್ತಿಗೆ ಒತ್ತಿದರು. ನಾನು ಬಾಯಿ ಮುಚ್ಚಿಕೊಂಡು ಒತ್ತಿಸಿಕೊಂಡೆ. ನನ್ನ ಬಾಯಿಯ ಪರಿಚಯ ಇರುವ ಮೈಸೂರಿನ ನೆಂಟರು ಇದನ್ನು ಇವತ್ತಿಗೂ ನಂಬುವುದಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೂ ನಮ್ಮವರ ನಾಲಿಗೆ ಅದಕ್ಕೆ ಹೊರಳುತ್ತಿರಲಿಲ್ಲ. ಲಾರೆನ್ಸ್‌ವಿಲ್‌ನ ನಮ್ಮ ಬಡಾವಣೆಯಲ್ಲಿರುವ ಕನ್ನಡದ ಮನೆಗಳಲ್ಲೆಲ್ಲ ಅವರು ಕೊಸಾಕ್ ಅಂಕಲ್. ಅಟ್ಲಾಂಟಾ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡಿ ರಿಟೈರ್ ಆದವರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತುಟಿಯ ಎರಡೂ ಕಡೆ ಗದ್ದದವರೆಗೆ ಇಳಿಬಿದ್ದ ಬಿಳಿ ಮೀಸೆ. ಆ ಮೀಸೆಯ ಆರೈಕೆಯಲ್ಲಿ ಅರ್ಧದಷ್ಟನ್ನು ಮನೆಯ ಮುಂದಿನ ಹುಲ್ಲಿಗೆ ಮಾಡಿದ್ದರೆ ಹೆಚ್‌ಓಎಯಿಂದ ಅವರಿಗೆ ಅಷ್ಟೊಂದು ನೋಟಿಸು ಬರುತ್ತಿರಲಿಲ್ಲ. ಹೆಚ್‌ಓಎ ಅಂದರೆ ಇಲ್ಲಿನ ಮನೆ ಮಾಲೀಕರ ಸಂಘ. ನಿಮ್ಮ ಮನೆ ನಿಮ್ಮದೇ, ಆದರೆ ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು ಅನ್ನುವುದನ್ನು ಅವರು ಹೇಳುತ್ತಾರೆ.

ನಮ್ಮ ಪರಿಚಯ ಶುರುವಾದದ್ದು ಜಗಳದಿಂದ. ಕೊರೋನಾದ ಮೊದಲ ಬೇಸಿಗೆ. ನಾನು, ನನ್ನ ಗಂಡ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದೆವು. ನಾನು ಕ್ಲೈಂಟ್ ಎದುರು ಮುಖ್ಯವಾದ ಡೆಮೋ ಕೊಡುತ್ತಿರುವಾಗ ಪಕ್ಕದ ಹಿತ್ತಲಿನಿಂದ ಒಂದು ಹಾಡು ಎದ್ದಿತು. ಎದ್ದಿತು ಅಂದರೆ ಸಾಲದು, ಕಿಟಕಿ ಒಡೆದು ಒಳಗೆ ಬಂತು. ಕ್ಲೈಂಟ್ "ಈಸ್ ದಟ್ ದ ರೇಡಿಯೋ" ಅಂತ ಕೇಳಿದ. ಕಾಲ್ ಮುಗಿದದ್ದೇ ತಡ, ಮಾಸ್ಕ್ ಏರಿಸಿಕೊಂಡು ಬೇಲಿಯ ಹತ್ತಿರ ಹೋದೆ. ಮುದುಕ ಟೊಮೇಟೊ ಗಿಡಕ್ಕೆ ಕೋಲು ಕಟ್ಟುತ್ತ ಕಣ್ಣು ಮುಚ್ಚಿ ಹಾಡುತ್ತಿದ್ದರು.

"ಸ್ವಲ್ಪ ಮೆಲ್ಲಗೆ ಹಾಡ್ತೀರಾ? ನನಗೆ ಮೀಟಿಂಗ್ ಇರುತ್ತೆ," ಅಂದೆ. ಅವರು ಆಡಿದ ಇಂಗ್ಲಿಷನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ, ಅವರ ಮಾತಿಗೆ ಅದು ಚೆನ್ನಾಗಿ ಒಗ್ಗುತ್ತದೆ.

"ಮೆಲ್ಲಗೆ ಹಾಡೋದು ನಮ್ಮ ಜನಕ್ಕೆ ಬರಲ್ಲಮ್ಮ," ಅಂದರು. "ನಮ್ಮ ತಾತ ಮುತ್ತಾತಂದಿರೆಲ್ಲ ಬಯಲಲ್ಲಿ ಇದ್ದೋರು. ಈ ದಂಡೇಲಿ ಹಾಡಿದ್ರೆ ನದಿಯ ಆ ದಂಡೇಲಿ ಇರೋನಿಗೆ ಕೇಳಬೇಕಿತ್ತು. ನಿನ್ನ ಮೀಟಿಂಗ್ ಎಷ್ಟೊತ್ತಿಗೆ ಇರುತ್ತೆ ಹೇಳು, ಆಗ ಟೊಮೇಟೊ ಗಿಡದ ಹತ್ರ ಮಾತಾಡ್ಕೊಂಡಿರ್ತೀನಿ."

ಮರುದಿನದಿಂದ ನನ್ನ ಊಟದ ಹೊತ್ತಿಗೆ ಹಾಡು ಶುರುವಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ನಾನು ತಟ್ಟೆ ಹಿಡಿದುಕೊಂಡು ಹಿತ್ತಲ ಕಡೆಯ ಡೆಕ್ಕಿಗೆ ಬಂದು ಕೂರುತ್ತಿದ್ದೆ. ಹಾಡು ಒಂದು ದಿನ ಬರದಿದ್ದರೆ ನನ್ನ ಗಂಡನೇ, "ಯಾಕೆ, ಅಂಕಲ್ ಹುಷಾರಾಗಿದಾರಾ?" ಅಂತ ಕೇಳುವಂತಾಯಿತು.

ಕೊಸಾಕರು ಅಂದರೆ ನನಗೆ ಆಗ ಗೊತ್ತಿದ್ದದ್ದು ಎತ್ತರದ ತುಪ್ಪಳದ ಟೋಪಿ, ಕತ್ತಿ, ಕುದುರೆ, ಕೂತು ಕಾಲು ಝಾಡಿಸುವ ಕುಣಿತ, ಇಷ್ಟೇ. ಅಂಕಲ್ ಹತ್ತಿರ ಟೋಪಿ ಇತ್ತು. ಕುದುರೆ ಏರಿದ್ದು ಒಂದೇ ಸಲ, ಯಾರದೋ ಮಗುವಿನ ಬರ್ತ್‌ಡೇ ಪಾರ್ಟಿಗೆ ಬಾಡಿಗೆಗೆ ತಂದಿದ್ದ ಗಿಡ್ಡ ಕುದುರೆಯ ಮೇಲೆ, ಅದರಿಂದಲೂ ಬಿದ್ದಿದ್ದರಂತೆ. "ಕೊಸಾಕ್ ಅಂದ್ರೆ ಕುದುರೆ ಅಲ್ಲ," ಅನ್ನುತ್ತಿದ್ದರು. "ಜಾತಿನೂ ಅಲ್ಲ. ಯಾರ ಆಳೂ ಅಲ್ಲದೋನು ಅಂತ ಅರ್ಥ. ಧಣಿಯ ಹೊಲದಿಂದ ಓಡಿಬಂದ ರೈತ, ಸಾಲಗಾರ, ಗಂಡಾಂತರದಿಂದ ತಪ್ಪಿಸಿಕೊಂಡು ಬಂದೋನು, ಎಲ್ಲರೂ ಉಕ್ರೇನಿನ ನೀಪರ್ ನದಿಯ ಅಬ್ಬರದ ಸೆಳವು ದಾಟಿ ಆಚೆ ಹೋಗ್ತಿದ್ರು. ಅಲ್ಲಿ ನಮ್ಮ ಕೋಟೆ ಇತ್ತು. ಸಿಚ್ ಅಂತ. ಅಲ್ಲಿ ಹೊಸಬನಿಗೆ ಕೇಳ್ತಿದ್ದಿದ್ದು ದೇವರನ್ನ ನಂಬ್ತೀಯಾ ಅಂತ ಅಷ್ಟೇ. ಹೂಂ ಅಂದ್ರೆ, ಹೋಗು, ನಿನಗೆ ಯಾವ ಮನೆ ಬೇಕೋ ಅಲ್ಲಿ ಸೇರ್ಕೋ ಅಂತಿದ್ರು. ಹಿಂದೆ ಏನಾಗಿದ್ದೆ ಅಂತ ಯಾರೂ ಕೆದಕ್ತಿರಲಿಲ್ಲ."

"ಹೆಂಗಸರು ಬಂದ್ರೆ?" ಅಂತ ನಾನು ಕೇಳಿದೆ.

ಅವರು ಮೀಸೆ ನೇವರಿಸಿಕೊಂಡರು. "ಹೆಂಗಸರನ್ನ ಕೋಟೆಯೊಳಗೆ ಬಿಡ್ತಿರಲಿಲ್ಲ."

"ಅದಕ್ಕೇ ಉದ್ಧಾರ ಆಗಲಿಲ್ಲ," ಅಂದೆ.

"ಅದಕ್ಕೇ ಆಗಲಿಲ್ಲ," ಅಂತ ಒಪ್ಪಿಕೊಂಡರು. ಮುಂದೆ ಆ ಸೀಮೆಯನ್ನು ಆಳಿದ ಮಹಾರಾಣಿ ಆ ಕೋಟೆಯನ್ನು ಕೆಡವಿಸಿದಳಂತೆ, ಉಳಿದವರಲ್ಲಿ ಬಹಳ ಜನ ಕುಬಾನ್ ಸೀಮೆಗೆ ಹೋಗಿ ನೆಲೆಸಿದರಂತೆ. ಅಂಕಲ್ ಆ ಕವಲಿನವರು. ತಮ್ಮವರನ್ನು ಹೊಗಳುವಷ್ಟೇ ಸಲೀಸಾಗಿ ತೆಗಳುತ್ತಲೂ ಇದ್ದರು. ಕೊಸಾಕರ ಕುದುರೆಗಳು ಯಹೂದಿಗಳ ಕೇರಿಗಳಲ್ಲಿ ಮಾಡಿದ ಅನಾಹುತವನ್ನು ನನಗೆ ಮೊದಲು ಹೇಳಿದವರೇ ಅವರು. "ಹಾಡಿನಲ್ಲಿ ಅದು ಬರಲ್ಲ, ಅದಕ್ಕೇ ಬಾಯಲ್ಲಿ ಹೇಳ್ಬೇಕು," ಅಂದಿದ್ದರು. ಅವತ್ತು ಹಾಡಲಿಲ್ಲ.

ನಮ್ಮ ಅತ್ತೆ ಮೈಸೂರಿನಿಂದ ಬಂದದ್ದು ಮರುವರ್ಷದ ಕೊನೆಗೆ, ವಿಮಾನಗಳು ಮತ್ತೆ ಸರಿಯಾಗಿ ಹಾರಲು ಶುರುವಾದ ಮೇಲೆ. ಬಂದರೆ ಆರು ತಿಂಗಳು ಇರುತ್ತಾರೆ, ಇಲ್ಲಿ ಎಲ್ಲರ ತಂದೆತಾಯಿಯರ ಪದ್ಧತಿಯೂ ಅದೇ. ಅತ್ತೆಗೆ ಇಂಗ್ಲಿಷ್ ಬಾರದು, ಅಂಕಲ್‌ಗೆ ಕನ್ನಡ ಬಾರದು. ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಮೆಂತ್ಯದ ಮಡಿಯ ವಿಚಾರ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕರೆದೆವು. ಅತ್ತೆ ಒಬ್ಬಟ್ಟು ಮಾಡಿದ್ದರು.

ಎರಡನೇ ಒಬ್ಬಟ್ಟು ಬಂದಾಗ ಅಂಕಲ್ ಬೇಡ ಅಂದರು. ಅತ್ತೆ ಬಡಿಸಿದರು. ಮೂರನೆಯದಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಅತ್ತೆ ಬೆರಳ ಸಂದಿಯಲ್ಲೇ ಬಡಿಸಿ ಮೇಲೆ ತುಪ್ಪ ಹಾಕಿದರು. ಅಂಕಲ್ ನನ್ನ ಕಡೆ ತಿರುಗಿ, "ನಾನು ಬೇಡ ಅಂದಿದ್ದು ಇವರಿಗೆ ಅರ್ಥ ಆಗಲಿಲ್ವಾ?" ಅಂದರು.

"ಅರ್ಥ ಆಯ್ತು ಅಂಕಲ್. ನಮ್ಮಲ್ಲಿ ಮೊದಲನೇ ಬೇಡ ಮರ್ಯಾದೆಗೆ ಅನ್ನೋದು. ಎರಡನೇದು ಸಂಕೋಚಕ್ಕೆ. ಮೂರನೇ ಸಲ ಕೇಳಿದಾಗ ಏನು ಹೇಳ್ತೀರೋ ಅದೇ ನಿಜ. ಒಂದು ಸಲ ಕೇಳಿ ಸುಮ್ಮನಾದ್ರೆ ಉಪಚಾರ ಗೊತ್ತಿಲ್ಲದ ಮನೆ ಅಂತ ಜನ ಆಡ್ಕೋತಾರೆ."

ಅವರು ಚಮಚ ಕೆಳಗಿಟ್ಟು ಮೇಜು ಕುಟ್ಟಿ ನಕ್ಕರು, ತುಪ್ಪ ಮೀಸೆಯಿಂದ ಇಳಿಯಿತು. "ಇದು ನಮ್ಮ ಕಾನೂನು," ಅಂದರು. ಆಮೇಲೆ ಹೇಳಿದ ಕಥೆ ಇದು. ಸಿಚ್ ಕೋಟೆಯಲ್ಲಿ ಹೊಸ ವರ್ಷದ ದಿನ ಎಲ್ಲರೂ ಗುಂಡಗೆ ನಿಂತು ತಮ್ಮ ನಾಯಕನನ್ನು, ಅಂದರೆ ಅತಮಾನನನ್ನು, ಆರಿಸುತ್ತಿದ್ದರಂತೆ. ಆರಿಸಿದವನು ತಕ್ಷಣ ಒಪ್ಪಿಕೊಳ್ಳುವಂತಿಲ್ಲ. ಅಧಿಕಾರದ ಗದೆಯನ್ನು ಕೊಟ್ಟಾಗ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚಿದವನು ದುರಾಸೆಯವನು. ಒಪ್ಪಿಕೊಂಡ ಮೇಲೆ ಹಿರಿಯರು ನೆಲದ ಕೆಸರು ಬಾಚಿ ಅವನ ತಲೆಗೆ ಮೆತ್ತುತ್ತಿದ್ದರಂತೆ, ಮದ ಏರಬಾರದು ಅಂತ. ಮುಂದಿನ ವರ್ಷ ಬೇಡವಾದರೆ ಇಳಿಸಿಯೂ ಬಿಡುತ್ತಿದ್ದರಂತೆ.

ನಾನು ಇದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ, "ಸರಿಯಾಗೇ ಮಾಡ್ತಿದ್ರು ಬಿಡು," ಅಂದು ನಾಲ್ಕನೇ ಒಬ್ಬಟ್ಟು ಬಡಿಸಿದರು.

ಮುಂದಿನ ವಾರ ಅವರ ಮನೆಗೆ ನಾವು ಹೋದೆವು. ಹಿತ್ತಲಿನಲ್ಲಿ ಕಲ್ಲಿಟ್ಟು ದೊಡ್ಡ ಕಬ್ಬಿಣದ ಕಡಾಯಿ ಏರಿಸಿದ್ದರು, ಕುಲಿಶ್ ಎಂಬ ಗಂಜಿ. ಅದಕ್ಕೆ ಹಂದಿಯ ಕೊಬ್ಬು ಬೀಳಬೇಕು. ನಮಗೋಸ್ಕರ ಪಕ್ಕದಲ್ಲಿ ಹೊಸ ಪಾತ್ರೆ ಇಟ್ಟು, ಇಂಡಿಯನ್ ಸ್ಟೋರಿನಿಂದ ತುಪ್ಪ ತಂದು ಬೇರೆಯಾಗಿ ಮಾಡಿದ್ದರು, ಸೌಟು ಕೂಡ ಬೇರೆ. ಯಾರೂ ಅವರಿಗೆ ಹೇಳಿರಲಿಲ್ಲ. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಬರಗಿನ ಅಕ್ಕಿ ಕಣೇ ಇದು, ನಮ್ಮಜ್ಜಿ ಮಾಡ್ತಿದ್ರು," ಅಂದರು. ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಅಂದರು, ನಾನು ನಂಬಲಿಲ್ಲ.

ಆ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಶುರುವಾಯಿತು. ಅಂಕಲ್ ಹಾಡು ನಿಂತಿತು. ಇಡೀ ದಿನ ಫೋನು ಹಿಡಿದು ಕೂತಿರುತ್ತಿದ್ದರು. ಅವರ ಚಿಕ್ಕಮ್ಮನ ಮೊಮ್ಮಗಳು ಒಕ್ಸಾನಾ ಝಪೊರಿಝಿಯಾದಲ್ಲಿದ್ದಳು, ಹಿಂದೆ ಆ ಕೋಟೆ ಇದ್ದ ಸೀಮೆಯಲ್ಲೇ. ಗಂಡ ಸೈನ್ಯಕ್ಕೆ ಹೋಗಿದ್ದ. ಅಂಕಲ್ ಸ್ಪಾನ್ಸರ್ ಮಾಡಿ ಆ ವರ್ಷದ ಬೇಸಿಗೆ ಮುಗಿಯುವಷ್ಟರಲ್ಲಿ ಅವಳನ್ನೂ ಅವಳ ಎರಡು ಪುಟ್ಟ ಹೆಣ್ಣುಮಕ್ಕಳನ್ನೂ ಕರೆಸಿಕೊಂಡರು. ಅವಳು ಬಂದ ದಿನ ಹಾಡು ಮತ್ತೆ ಕೇಳಿಸಿತು. ಅವತ್ತು ನಾನು ಮೀಟಿಂಗಿನಲ್ಲಿದ್ದೆ, ಮ್ಯೂಟ್ ಮಾಡಲಿಲ್ಲ.

ಚಳಿಗಾಲಕ್ಕೆ ಸರಿಯಾಗಿ ಹೆಚ್‌ಓಎಯವರು ಹೊಸ ನಿಯಮದ ಮಾತೆತ್ತಿದರು. ಯಾವ ಮನೆಯಲ್ಲೂ ಅತಿಥಿಗಳು ಒಂದು ತಿಂಗಳಿಗಿಂತ ಹೆಚ್ಚು ಇರಬಾರದು. ಪ್ರೆಸಿಡೆಂಟ್ ಕೆಟ್ಟ ಮನುಷ್ಯನೇನಲ್ಲ, ಬಹಳ ವರ್ಷದಿಂದ ಆ ಕುರ್ಚಿಯಲ್ಲಿ ಕೂತು ಕುರ್ಚಿಯ ಆಕಾರಕ್ಕೇ ಬಂದಿದ್ದರು. ಯಾರೋ ಮನೆಯನ್ನು ಲಾಡ್ಜಿನ ಹಾಗೆ ಬಾಡಿಗೆಗೆ ಬಿಟ್ಟು ಪಾರ್ಕಿಂಗ್ ಗಲಾಟೆ ಮಾಡಿದ್ದರಂತೆ, ಅದಕ್ಕೆ ಈ ಮದ್ದು. ನೆಗಡಿಗೆ ಮೂಗು ಕೊಯ್ದ ಹಾಗೆ. ಆಗಷ್ಟೇ ಮತ್ತೆ ಬಂದಿದ್ದ ನಮ್ಮ ಅತ್ತೆ ಒಂದು ತಿಂಗಳಿಗೆ ವಾಪಸು ಹೋಗಬೇಕು. ಒಕ್ಸಾನಾ ಎಲ್ಲಿಗೆ ಹೋಗಬೇಕು?

ಅಂಕಲ್ ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಅವರ ಅಪ್ಪನ ವಿಷಯ ಹೇಳಿದ್ದು ಅವತ್ತೇ. ಎರಡನೇ ಮಹಾಯುದ್ಧದಲ್ಲಿ ಅವರಪ್ಪ ಜರ್ಮನರ ಕಡೆ ಸೇರಿದ್ದ ಕೊಸಾಕ್ ದಳದಲ್ಲಿದ್ದರು. "ತಪ್ಪು ಕಡೆ ನಿಂತಿದ್ರು, ಅದನ್ನ ನಾನು ಮುಚ್ಚಿಡಲ್ಲ," ಅಂದರು. ಯುದ್ಧ ಮುಗಿದಾಗ ಆ ದಳದವರು ಹೆಂಗಸರು ಮಕ್ಕಳ ಸಮೇತ ಆಸ್ಟ್ರಿಯಾದ ಒಂದು ಹೊಳೆಯ ದಂಡೆಯಲ್ಲಿ ಬೀಡುಬಿಟ್ಟು, ಗೆದ್ದವರ ಸೈನ್ಯದ ಮಾತು ನಂಬಿ ಕೂತಿದ್ದರು. ಆ ಸೈನ್ಯ ಅವರನ್ನೆಲ್ಲ ಲಾರಿಗೆ ಹತ್ತಿಸಿ ಸೋವಿಯತ್ ಕೈಗೆ ಒಪ್ಪಿಸಿತು. ಕೈಗೂಸಾಗಿದ್ದ ಅಂಕಲ್‌ನ ಎತ್ತಿಕೊಂಡು ಅವರ ತಾಯಿ ಕಾಡಿಗೆ ಓಡಿದರು. ಅಪ್ಪ ಲಾರಿ ಹತ್ತಿದರು, ಮತ್ತೆ ಬರಲಿಲ್ಲ.

"ಡಾನ್ ನದೀತೀರಕ್ಕೆ ಬಂದೋನನ್ನ ಹಿಂದಕ್ಕೆ ಒಪ್ಪಿಸಲ್ಲ. ಇದು ಡಾನ್ ಕಡೆಯ ಕೊಸಾಕರ ಗಾದೆ, ನಮ್ಮೆಲ್ಲರದ್ದೂ," ಅಂದರು. "ಸಾಮ್ರಾಜ್ಯಕ್ಕೇ ಇಲ್ಲ ಅಂದ ಜನ ನಮ್ಮವರು. ನನ್ನ ಮನೆಗೆ ಬಂದ ಮಗೂನ ನಾನು ಪಾರ್ಕಿಂಗ್‌ಗೋಸ್ಕರ ಒಪ್ಪಿಸ್ಲಾ?"

ಹೊಸ ವರ್ಷದ ಮೊದಲ ಶನಿವಾರ ಹೆಚ್‌ಓಎ ಸಭೆ, ಅವತ್ತೇ ಪ್ರೆಸಿಡೆಂಟ್ ಆಯ್ಕೆ. ನಮ್ಮಲ್ಲಿ ಅದಕ್ಕೆ ನೇರವಾಗಿ ಕೈಯೆತ್ತುವುದು. ಪ್ರೆಸಿಡೆಂಟ್ ಬದಲಾದರೆ ನಿಯಮವೂ ಬಿದ್ದುಹೋಗುತ್ತದೆ. ಎದುರಿಗೆ ಯಾರನ್ನು ನಿಲ್ಲಿಸುವುದು ಅನ್ನುವ ಪ್ರಶ್ನೆಗೆ ನನ್ನ ಗಂಡ, "ಬಾಯಿ ಇರೋದು ಇವಳಿಗೇ," ಅಂದ. ಬೇಕಾದರೆ ಹೊಗಳಿಕೆ ಅಂದುಕೊಳ್ಳಿ. ನಾನು ಒಪ್ಪಿದೆ. ಮೂರು ವಾರ ಕನ್ನಡದ, ತೆಲುಗಿನ, ಕೊರಿಯಾದ, ಮೆಕ್ಸಿಕೋದ ಮನೆಗಳ ಬಾಗಿಲು ತಟ್ಟಿದೆವು. ಎಲ್ಲರಿಗೂ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ. ಎಲ್ಲರೂ ಬರುತ್ತೇವೆ ಅಂದರು.

ಸಭೆಯ ದಿನ ಬೆಳಿಗ್ಗೆ ಚೆನ್ನಾಗಿ ಮಳೆಯಾಗಿತ್ತು. ಕ್ಲಬ್‌ಹೌಸ್ ತುಂಬಿತ್ತು. ನಾನು ತಲೆಗೆ ಸ್ನಾನ ಮಾಡಿ, ಮೈಸೂರು ಸಿಲ್ಕ್ ಉಟ್ಟು, ಭಾಷಣ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನನ್ನ ಹೆಸರನ್ನು ಸೂಚಿಸಿದರು. ಪ್ರೆಸಿಡೆಂಟ್ ನನ್ನ ಕಡೆ ತಿರುಗಿ, ಒಪ್ಪಿಗೆಯಾ ಅಂತ ಕೇಳಿದರು.

ಆಗ ನನ್ನ ಬಾಯಿಂದ ಬಂದ ಮಾತು ಇದು: "ಅಯ್ಯೋ, ನೋ ನೋ, ನಾನ್ಯಾಕೆ, ಪ್ಲೀಸ್, ಬೇರೆ ಯಾರನ್ನಾದ್ರೂ ಮಾಡಿ."

ಯಾಕೆ ಹಾಗಂದೆ? ಹೇಗೆ ಹೇಳಲಿ. ನಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮೊದಲು ಬೇಡ ಅನ್ನಬೇಕು ಅಂತ ಕೈಗೂಸಾಗಿದ್ದಾಗಿನಿಂದ ಕಲಿಸಿದ್ದಾರೆ. ಮನಸ್ಸು ಹೂಂ ಅನ್ನುತ್ತಿರುವಾಗಲೇ ನಾಲಿಗೆ ಬೇಡ ಅಂದಿತು, ಇನ್ನೊಂದು ಸಲ ಕೇಳುತ್ತಾರೆ ಅನ್ನುವ ಧೈರ್ಯದಲ್ಲಿ. ನಮ್ಮವರೆಲ್ಲ ಹಾಗೇ ಅಂದುಕೊಂಡು ಮುಗುಳ್ನಗುತ್ತ ಕೂತಿದ್ದರು.

ಪ್ರೆಸಿಡೆಂಟ್ ಬಹಳ ಸೌಜನ್ಯದಿಂದ, "ಸರಿ, ಅವರು ಬೇಡ ಅಂದಿದ್ದಾರೆ. ಬೇರೆ ಯಾರಾದರೂ?" ಅಂದು ಕಾಯದೆ ಮುಂದಿನ ಹಾಳೆ ತಿರುವಿದರು. ಅಮೆರಿಕದಲ್ಲಿ ಬೇಡ ಅಂದರೆ ಬೇಡ. ನನ್ನ ಗಂಡ ತಲೆ ಮೇಲೆ ಕೈ ಹೊತ್ತ. ಹಿಂದಿನ ಸಾಲಿನಲ್ಲಿ ಒಕ್ಸಾನಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು, ಏನಾಯಿತು ಅಂತ ಅವಳಿಗೆ ಅರ್ಥವಾಗಿತ್ತು, ಮುಖ ಬೆಳ್ಳಗಾಗಿತ್ತು. ಅಷ್ಟು ಬಾಯಿ ಇಟ್ಟುಕೊಂಡು ಬೇಕಾದಾಗ ನನ್ನಿಂದ ಒಂದು ಶಬ್ದ ಹೊರಡಲಿಲ್ಲ.

ಆಗ ಕೋಲು ನೆಲಕ್ಕೆ ಕುಟ್ಟಿದ ಸದ್ದು. ಕೊಸಾಕ್ ಅಂಕಲ್ ಎದ್ದು ನಿಂತಿದ್ದರು, ತಲೆಯ ಮೇಲೆ ಆ ತುಪ್ಪಳದ ಟೋಪಿ.

"ಮಿಸ್ಟರ್ ಪ್ರೆಸಿಡೆಂಟ್, ನೀವು ಅರ್ಧ ಮಾತ್ರ ಕೇಳಿದ್ರಿ," ಅಂದರು. ಬಯಲಲ್ಲಿ ಹಾಡುವ ಅದೇ ಗಂಟಲು, ಮೈಕ್ ಬೇಕಾಗಲಿಲ್ಲ. "ಅವಳ ಜನ ಮೊದಲ ಸಲಕ್ಕೆ ಹೂಂ ಅನ್ನಲ್ಲ. ನನ್ನ ಜನಾನೂ ಅನ್ತಿರಲಿಲ್ಲ. ಕುರ್ಚಿ ಕೊಟ್ಟ ತಕ್ಷಣ ಕೂತುಬಿಡೋನನ್ನ ನಾವು ನಂಬ್ತಾನೇ ಇರಲಿಲ್ಲ. ಇನ್ನೆರಡು ಸಲ ಕೇಳಿ. ಮೂರನೇ ಸಲವೂ ಬೇಡ ಅಂದ್ರೆ ನಾನೇ ಕೂತ್ಕೋತೀನಿ."

ಜನ ನಕ್ಕರು. ಪ್ರೆಸಿಡೆಂಟ್ ಕೂಡ ಸ್ವಲ್ಪ ನಕ್ಕು, ನಿಯಮದಲ್ಲಿ ಎಷ್ಟು ಸಲ ಕೇಳಬೇಕು ಅಂತ ಬರೆದಿಲ್ಲ ಅನ್ನುವುದನ್ನು ಒಪ್ಪಿಕೊಂಡು, ಎರಡನೇ ಸಲ ಕೇಳಿದರು. ನಾನು ಅಂಕಲ್ ಕಡೆ ನೋಡಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು. ಕಾನೂನು ಕಾನೂನೇ. "ಬೇಡ," ಅಂದೆ, ಈ ಸಲ ಕನ್ನಡದಲ್ಲೇ. ಇಡೀ ಸಭೆ ಒಟ್ಟಿಗೆ ಮೂರನೇ ಸಲ ಕೇಳಿತು. ಹೂಂ ಅಂದೆ, ಆಮೇಲೆ ಬಾಯಿಪಾಠ ಮಾಡಿದ್ದ ಭಾಷಣ ಬಿಟ್ಟು ನನ್ನ ಅತ್ತೆಯ ಬಗ್ಗೆ, ಒಕ್ಸಾನಾಳ ಬಗ್ಗೆ ಹೇಳಿದೆ. ಮನೆಗೆ ಬಂದವರು ಯಾವಾಗ ಹೋಗುತ್ತಾರೆ ಅಂತ ಕೇಳುವುದು ನಮ್ಮ ಮನೆಯಲ್ಲೂ ಇಲ್ಲ, ನಿಮ್ಮ ಅಜ್ಜಿಯ ಮನೆಯಲ್ಲೂ ಇರಲಿಲ್ಲ ಅಂದೆ. ಕೈಗಳು ಎದ್ದವು. ಎಣಿಸುವ ಅಗತ್ಯ ಇರಲಿಲ್ಲ.

ನಾವು ಗೆದ್ದೆವು. ಈಗಲೂ ಇದನ್ನು ಬರೆಯುವಾಗ ಕುರ್ಚಿಯಿಂದ ಅರ್ಧ ಎದ್ದಿದ್ದೇನೆ. ಆ ನಿಯಮ ಅವತ್ತೇ ಸತ್ತಿತು. ಒಕ್ಸಾನಾ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಹೊರಗೆ ಬಂದಾಗ ಅಂಕಲ್ ಎಲ್ಲರನ್ನೂ ಗುಂಡಗೆ ನಿಲ್ಲಿಸಿದರು. ಜಾರ್ಜಿಯಾದ ಮಣ್ಣು ನಮ್ಮ ಮೈಸೂರಿನ ಕಡೆಯ ಮಣ್ಣಿನ ಹಾಗೇ ಕೆಂಪು. ಗುಲಾಬಿ ಗಿಡದ ಬುಡದಿಂದ ಒಂದು ಹಿಡಿ ಬಾಚಿದರು.

"ಅಂಕಲ್, ಸಿಲ್ಕ್ ಸೀರೆ," ಅಂದೆ.

"ನಮ್ಮ ಇತಿಹಾಸದಲ್ಲಿ ಇದೇ ಮೊದಲ ಹೆಣ್ಣು ಅತಮಾನ್," ಅಂದರು. "ಹಳೇ ತಪ್ಪು ತಿದ್ದುತಾ ಇದ್ದೀನಿ, ಅಲ್ಲಾಡಬೇಡ." ನೆತ್ತಿಗೆ ಒತ್ತಿದರು. ತಣ್ಣನೆಯ ನೀರು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಯಿತು. "ನಿನ್ನನ್ನ ಕೂರಿಸಿದೋರು ಇವರು. ಇಳಿಸೋರೂ ಇವರೇ. ತಲೆ ತೊಳೆದ ಮೇಲೂ ನೆನಪಿರಲಿ."

ಅತ್ತೆ ಮಾತ್ರ ಅಷ್ಟು ಒಳ್ಳೆ ಸೀರೆ ಹಾಳಾಯಿತು ಅಂತ ಸಂಜೆಯವರೆಗೆ ಗೊಣಗಿದರು. ಕಲೆ ಇನ್ನೂ ಇದೆ. ಆ ಸೀರೆಯನ್ನು ಡ್ರೈಕ್ಲೀನಿಗೆ ಕೊಡಲು ನಾನು ಒಪ್ಪಿಲ್ಲ.

ಆಮೇಲಿನ ವರ್ಷಗಳಲ್ಲಿ ಪ್ರತಿ ಶರತ್ಕಾಲ ಕ್ಲಬ್‌ಹೌಸ್ ಹಿಂದೆ ಕಡಾಯಿ ಏರಿತು, ಎರಡು ಸೌಟಿನ ಪದ್ಧತಿ ಮುಂದುವರಿಯಿತು. ಹಳೆಯ ಪ್ರೆಸಿಡೆಂಟ್ ಮೊದಲ ವರ್ಷ ದೂರ ನಿಂತಿದ್ದರು, ಎರಡನೇ ವರ್ಷ ತಟ್ಟೆ ಹಿಡಿದು ಬಂದರು. ಅಂಕಲ್ ಬದುಕಿರುವಾಗಲೇ ಮನೆಯ ಪತ್ರಕ್ಕೆ ಒಕ್ಸಾನಾಳ ಹೆಸರು ಸೇರಿಸಿದರು. "ಅತಿಥಿ ಅನ್ನೋ ಮಾತೇ ಬೇಡ," ಅಂದರು. ಹೋದ ಅಕ್ಟೋಬರಿನಲ್ಲಿ, ಕಡಾಯಿಯ ಹಬ್ಬ ಮುಗಿದ ವಾರವೇ, ನಿದ್ದೆಯಲ್ಲಿ ಹೋದರು. ಮಣ್ಣು ಹಾಕುವಾಗ ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಅದರಲ್ಲಿ ನಾಚಿಕೆಯೇನು. ಆಮೇಲೆ ಅಂಕಲ್ ಹಾಡನ್ನು ಒಕ್ಸಾನಾ ಎತ್ತಿಕೊಂಡಳು. ಅವಳಿಗೂ ಮೆಲ್ಲಗೆ ಹಾಡಲು ಬರುವುದಿಲ್ಲ.

ಈ ಜನವರಿಯ ಸಭೆಯಲ್ಲಿ ನಾನು ಇಳಿದೆ, ಯಾರೂ ಇಳಿಸುವ ಮೊದಲು. ಹೊಸ ಹೆಸರನ್ನು ನಾನೇ ಸೂಚಿಸಿದೆ: ಒಕ್ಸಾನಾ. ಅವಳು ಗಾಬರಿಯಿಂದ ಎರಡೂ ಕೈ ಆಡಿಸಿ, "ನೋ, ನೋ, ನಾನಲ್ಲ," ಅಂದಳು.

ಮುಂದಿನ ಸಾಲಿನಿಂದ ಒಂದು ಧ್ವನಿ ಬಂತು. ಹಳೆಯ ಪ್ರೆಸಿಡೆಂಟ್. ಅದೇ ಸೌಜನ್ಯದಿಂದ, ಕನ್ನಡಕ ಸರಿಮಾಡಿಕೊಳ್ಳುತ್ತ, "ಇನ್ನೆರಡು ಸಲ ಕೇಳಿ," ಅಂದರು.

ಕೇಳಿದೆವು. ಮೂರನೇ ಸಲಕ್ಕೆ ಅವಳು ಅಳುತ್ತ ನಗುತ್ತ ಹೂಂ ಅಂದಳು. ಕೈಗಳು ಎದ್ದವು. ನಾನು ಆ ವೇಳೆಗೆ ಹೊರಗೆ ಗುಲಾಬಿ ಗಿಡದ ಬುಡದಲ್ಲಿ ಕೂತು ಮಣ್ಣು ಬಾಚುತ್ತಿದ್ದೆ. ಎಲ್ಲರೂ ಗುಂಡಗೆ ನಿಂತರು, ಅವಳು ತಲೆ ಬಾಗಿಸಿದಳು, ಚಿನ್ನದ ಬಣ್ಣದ ಆ ಕೂದಲಿನ ಮೇಲೆ ಒಂದು ಹಿಡಿ ಕೆಂಪು ಕೆಸರನ್ನು ಒತ್ತಿದೆ.

ಪಕ್ಕದಲ್ಲೇ ಅತ್ತೆ ನಿಂತಿದ್ದರು. ಬಂದು ನಾಲ್ಕನೇ ತಿಂಗಳು. ನನ್ನ ಮೊಣಕೈಗೆ ತಿವಿದು ಹೇಳಿದರು:

"ಒಂದೇ ಸಲ ಬಡಿಸಬಾರದು ಕಣೇ. ಇನ್ನೊಂಚೂರು ಹಾಕು."